ದೇವರನ್ನು ನಂಬುವವರು ಜಾಸ್ತಿ ದಾನ ಮಾಡುತ್ತಾರಾ?

2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಸುಮಾರು 30 ಸಾವಿರ ಜನರನ್ನು ಮಾತಾಡಿಸಿ ಒಂದು ದೊಡ್ಡ ಸಮೀಕ್ಷೆ ಮಾಡಿದರು. ಆರ್ಥರ್ ಬ್ರೂಕ್ಸ್ ಎಂಬ ಸಂಶೋಧಕರು ಆಮೇಲೆ ಅದರ ಅಂಕಿಗಳನ್ನು ಜಾಲಾಡಿದರು. ಹೆಚ್ಚುಕಡಿಮೆ ಪ್ರತಿ ವಾರ ಚರ್ಚಿಗೋ ಇನ್ಯಾವುದೋ ಪ್ರಾರ್ಥನೆಯ ಜಾಗಕ್ಕೋ ಹೋಗುವವರಲ್ಲಿ 100ಕ್ಕೆ 91 ಮಂದಿ ಆ ವರ್ಷ ಯಾವುದಾದರೂ ಒಂದು ಕೆಲಸಕ್ಕೆ ದುಡ್ಡು ಕೊಟ್ಟಿದ್ದರು. ಆ ಕಡೆ ತಲೆ ಹಾಕದವರಲ್ಲಿ ಕೊಟ್ಟವರು 66 ಮಂದಿ. ದುಡ್ಡು ಬಿಟ್ಟು ಮೈಮುರಿದು ಸೇವೆ ಮಾಡಿದವರ ಲೆಕ್ಕ ತೆಗೆದರೆ ಅಲ್ಲೂ ಹೋಗುವವರಲ್ಲಿ 100ಕ್ಕೆ 67 ಮಂದಿ, ಹೋಗದವರಲ್ಲಿ 44.

ಹಾಗಾದರೆ ಉತ್ತರ ಸಿಕ್ಕಿತಲ್ಲ ಅನ್ನಿಸುತ್ತದೆ. ದೇವರನ್ನು ನಂಬುವವರು ಜಾಸ್ತಿ ಕೊಡುತ್ತಾರೆ ಅಂತ ಬರೆದು ಮುಗಿಸಬಹುದು. ಆದರೆ ಆ ಅಂಕಿಯನ್ನು ಇನ್ನೊಮ್ಮೆ ಓದಿ ನೋಡಿ. ಅವರು ಎಣಿಸಿದ್ದು ಹಾಜರಿಯನ್ನು. ಎಷ್ಟು ಸಲ ಹೋಗುತ್ತೀರಿ ಅನ್ನುವುದು ಒಂದು ಪ್ರಶ್ನೆ, ಎಷ್ಟು ನಂಬುತ್ತೀರಿ ಅನ್ನುವುದು ಇನ್ನೊಂದು. ಮನೆಯಲ್ಲೇ ಒಬ್ಬರೇ ಕೂತು ದಿನಕ್ಕೆರಡು ಸಲ ಜಪ ಮಾಡುವವರು ಆ ಲೆಕ್ಕದಲ್ಲಿ ಹೋಗದವರ ಕಡೆಗೆ ಬೀಳುತ್ತಾರೆ. ಹೆಂಡತಿಯ ಒತ್ತಾಯಕ್ಕೆ ಭಾನುವಾರ ಚರ್ಚಿನ ಬೆಂಚಿನ ಮೇಲೆ ತೂಕಡಿಸುವವರು ಹೋಗುವವರ ಕಡೆಗೆ ಬೀಳುತ್ತಾರೆ. ನಂಬಿಕೆ ಮತ್ತು ಹಾಜರಿ, ಇವೆರಡನ್ನು ಬಿಡಿಸಿ ನೋಡಿದಾಗಲೇ ಈ ವಿಷಯದ ನಿಜವಾದ ಸ್ವಾರಸ್ಯ ಗೊತ್ತಾಗುವುದು. ನಾನು ಓದಿಕೊಂಡ ಮಟ್ಟಿಗೆ, ಜೇಬಿನಿಂದ ದುಡ್ಡು ಹೊರಗೆ ತರಿಸುವುದು ನಂಬಿಕೆಗಿಂತ ಜಾಸ್ತಿ ಆ ಹಾಜರಿಯೇ. ಯಾಕೆ ಹಾಗೆ ಹೇಳುತ್ತಿದ್ದೇನೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು, ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕು. ಅಮೆರಿಕದಲ್ಲಿ ಜನ ಮತ್ತು ಸಂಸ್ಥೆಗಳು ಕೊಡುವ ಒಟ್ಟು ದೇಣಿಗೆಯಲ್ಲಿ ಇವತ್ತಿಗೂ ಅತಿ ದೊಡ್ಡ ಪಾಲು ಹೋಗುವುದು ಧಾರ್ಮಿಕ ಸಂಸ್ಥೆಗಳಿಗೇ. 1980ರ ದಶಕದಲ್ಲಿ ಅದು ಅರ್ಧಕ್ಕಿಂತ ಜಾಸ್ತಿ ಇತ್ತು, ಈಗ ಇಳಿದು ಕಾಲು ಭಾಗದ ಹತ್ತಿರ ಬಂದಿದೆ. ನಮ್ಮ ದೇಶದಲ್ಲಿ ಅಶೋಕ ವಿಶ್ವವಿದ್ಯಾಲಯದ ಒಂದು ಕೇಂದ್ರ 2020-21ರಲ್ಲಿ ಮನೆಮನೆಯ ದಾನದ ಲೆಕ್ಕ ಹಾಕಿತು. ಒಟ್ಟು ಸುಮಾರು 23,700 ಕೋಟಿ ರೂಪಾಯಿ. ಅದರಲ್ಲಿ ಪ್ರತಿ 100 ರೂಪಾಯಿಗೆ ಸುಮಾರು 70 ರೂಪಾಯಿ ಧಾರ್ಮಿಕ ಸಂಸ್ಥೆಗಳಿಗೆ ಹೋಗಿತ್ತು. ಭಿಕ್ಷೆ ಬೇಡುವವರ ಕೈಗೆ ಸುಮಾರು 12 ರೂಪಾಯಿ. ಧರ್ಮದ ನಂಟಿಲ್ಲದ ಸೇವಾ ಸಂಸ್ಥೆಗಳಿಗೆ ಸಿಕ್ಕಿದ್ದು ಸುಮಾರು 5 ರೂಪಾಯಿ ಮಾತ್ರ.

ಹುಂಡಿಗೆ ಹಾಕಿದ ನೂರು ರೂಪಾಯಿಯನ್ನು ದಾನ ಅನ್ನಬೇಕಾ ಬೇಡವಾ ಅನ್ನುವ ಜಗಳ ಹುಟ್ಟುವುದು ಇಲ್ಲೇ. ಆ ದುಡ್ಡಲ್ಲಿ ಅರ್ಚಕರ ಸಂಬಳ ಇದೆ, ದೀಪದೆಣ್ಣೆ ಇದೆ, ಗೋಪುರದ ಬಣ್ಣ ಇದೆ. ಚರ್ಚಿನ ತಟ್ಟೆಗೆ ಬಿದ್ದ ದುಡ್ಡಿನ ಕಥೆಯೂ ಅದೇ, ಪಾದ್ರಿಯ ಸಂಬಳ ಮತ್ತು ಕಟ್ಟಡದ ಖರ್ಚು ಕಳೆದ ಮೇಲೆ ಉಳಿದದ್ದು ಬಡವರಿಗೆ. ಇದನ್ನು ಹಿಡಿದುಕೊಂಡು ಕೆಲವರು "ಅದು ದಾನವಲ್ಲ, ತಮ್ಮದೇ ಸಂಘಕ್ಕೆ ಕಟ್ಟುವ ವಾರ್ಷಿಕ ಶುಲ್ಕ" ಅನ್ನುತ್ತಾರೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ತುಮಕೂರಿನ ಸಿದ್ಧಗಂಗಾ ಮಠವನ್ನೇ ತೆಗೆದುಕೊಳ್ಳಿ. 2019ರಲ್ಲಿ 111ನೇ ವಯಸ್ಸಿನಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಉಂಡು, ಮಲಗಿ, ಓದುತ್ತಿದ್ದರು, ಜಾತಿ ಕೇಳದೆ. ಆ ಊಟದ ಹಿಂದೆ ಸುತ್ತಮುತ್ತಲಿನ ರೈತರು ಸುಗ್ಗಿಯಲ್ಲಿ ತಂದು ಸುರಿದ ರಾಗಿ, ಅಕ್ಕಿ, ತೆಂಗಿನಕಾಯಿ ಇತ್ತು. ಮಠಕ್ಕೆ ಕೊಟ್ಟದ್ದು ಅಂತ ಅದನ್ನು ದಾನದ ಲೆಕ್ಕದಿಂದ ತೆಗೆದುಹಾಕಿದರೆ ಆ ಮಕ್ಕಳ ಊಟವನ್ನು ಯಾವ ಖಾತೆಗೆ ಬರೆಯುವುದು? ಹಾಗಂತ ಎಲ್ಲ ಹುಂಡಿಯ ದುಡ್ಡೂ ಅಂಥ ಊಟದ ಎಲೆಗೇ ಹೋಗುತ್ತದೆ ಅಂದುಕೊಳ್ಳುವುದೂ ತಪ್ಪು.

ಧರ್ಮಕ್ಕೆ ಕೊಟ್ಟದ್ದನ್ನು ಪಕ್ಕಕ್ಕಿಟ್ಟು ಬರೀ ಆಸ್ಪತ್ರೆ, ಶಾಲೆ, ನೆರೆ ಪರಿಹಾರ ಇಂಥದ್ದನ್ನು ಮಾತ್ರ ಎಣಿಸಿದರೆ ಏನಾಗುತ್ತದೆ? ಬ್ರೂಕ್ಸ್ ಅವರ ಲೆಕ್ಕದಲ್ಲಿ ಆಗಲೂ ಚರ್ಚಿಗೆ ಹೋಗುವವರೇ ಮುಂದೆ, ಆದರೆ ಅಂತರ ಬಹಳ ಕಡಿಮೆಯಾಗುತ್ತದೆ. ಕ್ಯಾಥರೀನ್ ಎಕಲ್ ಮತ್ತು ಫಿಲಿಪ್ ಗ್ರಾಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಜನರ ಕೈಗೆ ನಿಜವಾದ ದುಡ್ಡು ಕೊಟ್ಟು, ಧರ್ಮದ ನಂಟಿಲ್ಲದ ಸಂಸ್ಥೆಗಳಿಗೆ ಎಷ್ಟು ಕೊಡುತ್ತೀರಿ ಅಂತ ನೋಡಿದಾಗ ಆಸ್ತಿಕರಿಗೂ ನಾಸ್ತಿಕರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ತೊಡಕು, ಬಾಯಿಮಾತಿನದು. ಸಮೀಕ್ಷೆಯವರು ಬಂದು "ಹೋದ ವರ್ಷ ದಾನ ಮಾಡಿದ್ದೀರಾ" ಅಂತ ಕೇಳಿದರೆ ಯಾರಿಗೆ ತಾನೇ ಇಲ್ಲ ಅನ್ನಲು ಮನಸ್ಸು ಬರುತ್ತದೆ? ಎಲ್ಲರೂ ಸ್ವಲ್ಪ ಏರಿಸಿಯೇ ಹೇಳುತ್ತಾರೆ. ಒಳ್ಳೆಯವರಾಗಿರಬೇಕು, ಕೊಡುಗೈಯವರಾಗಿರಬೇಕು ಅಂತ ಚಿಕ್ಕಂದಿನಿಂದ ಕೇಳುತ್ತ ಬೆಳೆದವರು ಇನ್ನೂ ಸ್ವಲ್ಪ ಜಾಸ್ತಿ ಏರಿಸುತ್ತಾರೆ. ಇದರಲ್ಲಿ ಮೋಸ ಇರಬೇಕಾಗಿಲ್ಲ, ತಮ್ಮ ಬಗ್ಗೆ ತಾವು ಇಟ್ಟುಕೊಂಡ ಚಿತ್ರವೇ ಹಾಗಿರುತ್ತದೆ. 2024ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಹಲವು ದಶಕಗಳ ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ, 8 ಲಕ್ಷಕ್ಕೂ ಮೀರಿದ ಜನರ ಅಂಕಿಗಳನ್ನು ಸೇರಿಸಿ, ಈ ವಿಷಯವನ್ನು ತೂಗಿ ನೋಡಿತು. ಎರಡು ಸಂಗತಿಗಳ ನಡುವಿನ ನಂಟನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಹೇಳುವುದು ವಾಡಿಕೆ. ಸೊನ್ನೆ ಅಂದರೆ ನಂಟೇ ಇಲ್ಲ, ಒಂದು ಅಂದರೆ ಒಂದಿದ್ದರೆ ಇನ್ನೊಂದು ಇದ್ದೇ ಇರುತ್ತದೆ. ಜನರ ಬಾಯಿಮಾತನ್ನೇ ನಂಬಿದಾಗ ಧಾರ್ಮಿಕತೆಗೂ ಉದಾರತೆಗೂ ಇದ್ದ ನಂಟು 0.15. ಅವರು ನಿಜವಾಗಿ ಏನು ಮಾಡಿದರು ಅಂತ ಕಣ್ಣಾರೆ ನೋಡಿ ಅಳೆದಾಗ ಅದು 0.06ಕ್ಕೆ ಇಳಿಯಿತು. ಸೊನ್ನೆಗೆ ಹೋಗಲಿಲ್ಲ, ಇದನ್ನು ಮರೆಯಬಾರದು. ಆದರೆ ಎರಡು ಕಡೆಯವರೂ ಇಷ್ಟು ಗಂಟಲು ಹರಿದುಕೊಳ್ಳುವಷ್ಟು ದೊಡ್ಡದೂ ಅಲ್ಲ.

ಈಗ ನಂಬಿಕೆ ಮತ್ತು ಹಾಜರಿಯ ವಿಷಯಕ್ಕೆ ಬರೋಣ. ಇದಕ್ಕೆ ನನಗೆ ಬಹಳ ಇಷ್ಟವಾದ ಪ್ರಯೋಗ 1973ರಲ್ಲಿ ಪ್ರಕಟವಾದದ್ದು. ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಆರಿಸಿಕೊಂಡರು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕು ಅಂತ ಅವರಿಗೆ ಹೇಳಿದರು. ಕೆಲವರಿಗೆ ಕೊಟ್ಟ ವಿಷಯ ಬೈಬಲಿನ ಒಳ್ಳೆಯ ಸಮಾರ್ಯನ ಕಥೆ, ಅಂದರೆ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಪೂಜಾರಿಯೂ ಕಂಡೂ ಕಾಣದಂತೆ ದಾಟಿಹೋದಾಗ ಪರಜಾತಿಯ ಒಬ್ಬ ನಿಂತು ಎತ್ತಿಕೊಂಡ ಕಥೆ. ಉಳಿದವರಿಗೆ ಕೊಟ್ಟದ್ದು ಓದು ಮುಗಿದ ಮೇಲೆ ಸಿಗುವ ಕೆಲಸಗಳ ಬಗ್ಗೆ ಮಾತು. ದಾರಿಯ ಓಣಿಯಲ್ಲಿ, ಒಂದು ಬಾಗಿಲ ಬಳಿ, ತಲೆ ಬಗ್ಗಿಸಿಕೊಂಡು ಕುಸಿದು ಕೂತ ಒಬ್ಬ ಮನುಷ್ಯ. ಇವರು ಹತ್ತಿರ ಬಂದಾಗ ಕೆಮ್ಮಿ ನರಳುತ್ತಾನೆ. ಅವನನ್ನು ಅಲ್ಲಿ ಕೂರಿಸಿದ್ದು ಸಂಶೋಧಕರೇ.

ಯಾರು ನಿಂತರು ಗೊತ್ತಾ? ಸಮಯ ಇದ್ದವರು. "ಇನ್ನೂ ಹೊತ್ತಿದೆ, ನಿಧಾನಕ್ಕೆ ಹೋಗಿ" ಅಂತ ಹೇಳಿಸಿಕೊಂಡವರಲ್ಲಿ 63% ಜನ ನಿಂತು ವಿಚಾರಿಸಿದರು. "ಸರಿಯಾದ ಹೊತ್ತಿಗೆ ಹೊರಡಿ" ಅಂತ ಹೇಳಿಸಿಕೊಂಡವರಲ್ಲಿ 45%. "ಅಯ್ಯೋ ತಡವಾಯಿತು, ಅವರು ಕಾಯುತ್ತಿದ್ದಾರೆ" ಅಂತ ಅವಸರ ಪಡಿಸಿದವರಲ್ಲಿ ಬರೀ 10%. ಭಾಷಣದ ವಿಷಯ ಯಾವುದು ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಸಮಾರ್ಯನ ಕಥೆ ಹೇಳಲು ಹೊರಟವರೇ ಅವಸರದಲ್ಲಿ ಆ ಮನುಷ್ಯನನ್ನು ದಾಟಿಕೊಂಡು ಹೋದದ್ದೂ ಇದೆ. ಆ ವಿದ್ಯಾರ್ಥಿಗಳು ಧರ್ಮವನ್ನು ಯಾವ ಕಾರಣಕ್ಕೆ ನಂಬುತ್ತಾರೆ, ಒಳಗಿನ ತುಡಿತಕ್ಕಾ ಅಥವಾ ಸ್ವರ್ಗದ ಆಸೆಗಾ ಅಂತ ಸಂಶೋಧಕರು ಮೊದಲೇ ಕೇಳಿ ಬರೆದಿಟ್ಟುಕೊಂಡಿದ್ದರು. ಯಾರು ನಿಲ್ಲುತ್ತಾರೆ ಅನ್ನುವುದನ್ನು ಊಹಿಸಲು ಅದೂ ಉಪಯೋಗಕ್ಕೆ ಬರಲಿಲ್ಲ. ಇದು ಚಿಕ್ಕ ಪ್ರಯೋಗ, 40 ಜನರಿಂದ ಜಗತ್ತಿಗೆಲ್ಲ ತೀರ್ಪು ಕೊಡಲಾಗದು. ಆದರೂ ಆ ಹುಡುಗರೆಲ್ಲ ಜೀವನವನ್ನೇ ಧರ್ಮಕ್ಕೆ ಕೊಡಲು ಹೊರಟವರು ಅನ್ನುವುದನ್ನು ನೆನೆಸಿಕೊಂಡರೆ ನಂಬಿಕೆಯೊಂದೇ ಎಷ್ಟು ಕೆಲಸ ಮಾಡೀತು ಅನ್ನುವ ಅಂದಾಜು ಸಿಗುತ್ತದೆ.

ನಂಬಿಕೆ ಸುಮ್ನೆ ಒಳಗಿದ್ದರೆ ಸಾಲದು, ಯಾರಾದರೂ ಅದನ್ನು ಎಬ್ಬಿಸಬೇಕು. 2010ರಲ್ಲಿ ದೀಪಕ್ ಮಲ್ಹೋತ್ರಾ ಎಂಬವರು ಆನ್‌ಲೈನ್‌ನಲ್ಲಿ ಒಂದು ಹರಾಜು ನೋಡಿದರು. ಹರಾಜಿನ ದುಡ್ಡು ಸೇವಾ ಕೆಲಸಕ್ಕೆ ಹೋಗುತ್ತಿತ್ತು, ಕೂಗು ಏರಿಸಿ ಅಂತ ಜನರಿಗೆ ಮನವಿ ಕಳಿಸುತ್ತಿದ್ದರು. ಭಾನುವಾರದ ದಿನ ಧರ್ಮವಂತರು ಆ ಮನವಿಗೆ ಉಳಿದವರಿಗಿಂತ ಚೆನ್ನಾಗಿ ಓಗೊಟ್ಟರು. ಬೇರೆ ದಿನಗಳಲ್ಲಿ ಇಬ್ಬರೂ ಒಂದೇ. ಮೊರಾಕ್ಕೊ ದೇಶದ ಮರಕೇಶ್ ಊರಿನ ಹಳೇ ಪೇಟೆಯಲ್ಲೂ ಇಂಥದ್ದೇ ಕಂಡಿತು. ಅಲ್ಲಿನ ಅಂಗಡಿಯವರಿಗೆ, ಸ್ವಲ್ಪ ದುಡ್ಡು ನೀವೇ ಇಟ್ಟುಕೊಳ್ಳುತ್ತೀರಾ ಅಥವಾ ಬಡವರಿಗೆ ಕೊಡುತ್ತೀರಾ ಅಂತ ಆಯ್ಕೆ ಕೊಟ್ಟರು. ಮಸೀದಿಯ ಅಜಾನ್ ಕೇಳಿಸುತ್ತಿದ್ದ ಹೊತ್ತಿನಲ್ಲಿ ಕೇಳಿದವರು ಬೇರೆ ಹೊತ್ತಿನಲ್ಲಿ ಕೇಳಿದವರಿಗಿಂತ ಧಾರಾಳವಾಗಿ ಕೊಟ್ಟರು. ಅಂಗಡಿಯವರ ನಂಬಿಕೆ ಮಧ್ಯಾಹ್ನ ಜಾಸ್ತಿಯಾಗಿ ಸಂಜೆಗೆ ಇಳಿಯುವುದಿಲ್ಲವಲ್ಲ! ಇಡೀ ದಿನ ಅಷ್ಟೇ ಇರುತ್ತದೆ. ಬದಲಾದದ್ದು ಕಿವಿಗೆ ಬಿದ್ದ ಕರೆ.

ಎಲ್ಲ ಧರ್ಮಗಳಿಗೂ ಇದು ಸಂಶೋಧಕರಿಗಿಂತ ಬಹಳ ಮೊದಲೇ ಗೊತ್ತಿತ್ತು ಅಂತ ನನಗನ್ನಿಸುತ್ತದೆ. ಮುಸ್ಲಿಮರ ಝಕಾತ್‌ಗೆ, ಅಂದರೆ ಕಡ್ಡಾಯ ದಾನಕ್ಕೆ, ಎರಡೂವರೆ ಶೇಕಡಾ ಅಂತ ಲೆಕ್ಕ ಇದೆ, ರಂಜಾನ್ ತಿಂಗಳಲ್ಲಿ ಕೊಡುವ ರೂಢಿ ಇದೆ. ಸಿಖ್ಖರ ದಸ್ವಂಧ್ ಅಂದರೆ ಸಂಪಾದನೆಯ ಹತ್ತರಲ್ಲಿ ಒಂದು ಪಾಲು. ಎಷ್ಟು, ಯಾವಾಗ, ಯಾರಿಗೆ ಅನ್ನುವ ಮೂರೂ ಪ್ರಶ್ನೆಗೆ ಮೊದಲೇ ಉತ್ತರ ಸಿದ್ಧ ಇರುತ್ತದೆ, ಕೊಡುವವನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಮ್ಮ ಕಡೆಯ ಮುಡಿಪನ್ನು ನೋಡಿ. ಮಗುವಿಗೆ ಜ್ವರ ಬಿಡುತ್ತಿಲ್ಲ, ಬೆಳೆ ಕೈಗೆ ಹತ್ತುತ್ತಿಲ್ಲ ಅಂದಾಗ ಮನೆಯ ಹೆಂಗಸು ಒಂದು ತುಂಡು ಬಟ್ಟೆಯನ್ನು ಅರಿಶಿನದ ನೀರಲ್ಲಿ ಅದ್ದಿ, ಒಂದಷ್ಟು ನಾಣ್ಯ ಹಾಕಿ, ಗಂಟು ಬಿಗಿದು ದೇವರ ಕೋಣೆಯಲ್ಲಿ ಇಡುತ್ತಾಳೆ. ತಿಮ್ಮಪ್ಪನಿಗೋ ಮಂಜುನಾಥನಿಗೋ ಅಂತ ಅದು ಮೀಸಲು. ಆಮೇಲೆ ಮನೆಯಲ್ಲಿ ಸಕ್ಕರೆಗೆ ದುಡ್ಡಿಲ್ಲದಿದ್ದರೂ, ಕಂಡಕ್ಟರಿಗೆ ಚಿಲ್ಲರೆ ಬೇಕಾಗಿದ್ದರೂ ಆ ಗಂಟನ್ನು ಯಾರೂ ಮುಟ್ಟುವುದಿಲ್ಲ. ಮುಡಿಪು ದಾನವೇ ಅಲ್ಲ, ದೇವರ ಜೊತೆ ಮಾಡಿಕೊಂಡ ಕರಾರು ಅನ್ನುವವರಿದ್ದಾರೆ. ಇರಲಿ. ಕೊಡಬೇಕು ಅಂದುಕೊಂಡದ್ದನ್ನು ಖರ್ಚಿನ ದುಡ್ಡಿನಿಂದ ಬೇರೆ ಮಾಡಿ, ಕಣ್ಣಿಗೆ ಕಾಣುವ ಹಾಗೆ ಗಂಟು ಕಟ್ಟಿಡುವುದಕ್ಕಿಂತ ಒಳ್ಳೆಯ ಉಪಾಯವನ್ನು ಯಾವ ಬ್ಯಾಂಕೂ ಇನ್ನೂ ಕಂಡುಹಿಡಿದಿಲ್ಲ.

ದೇವರು ನೋಡುತ್ತಿದ್ದಾನೆ ಅನ್ನುವ ಭಯದ ಮಾತೇನು? ನಮ್ಮ ಹಳೆಯ ದಾನಶಾಸನಗಳ ಕೊನೆಯ ಸಾಲುಗಳನ್ನು ಓದಿದವರಿಗೆ ಅದರ ಪರಿಚಯ ಇರುತ್ತದೆ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಸಾವಿರ ಕಪಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಅಂತ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಕೊಡಿ ಅನ್ನುವುದಕ್ಕಿಂತ ಕೊಟ್ಟದ್ದನ್ನು ಮುಟ್ಟಬೇಡಿ ಅನ್ನುವುದಕ್ಕೆ ಆ ಶಾಪ. 2007ರಲ್ಲಿ ಅಜೀಂ ಶರೀಫ್ ಮತ್ತು ಅರಾ ನೊರೆನ್ಜಯಾನ್ ಎಂಬ ಸಂಶೋಧಕರು ಕೆನಡಾದಲ್ಲಿ ಈ ಭಯವನ್ನು ಪ್ರಯೋಗಕ್ಕೆ ಹಚ್ಚಿದರು. ಒಂದು ಡಾಲರಿನ ಹತ್ತು ನಾಣ್ಯ ಕೊಟ್ಟು, ಗುರುತಿಲ್ಲದ ಇನ್ನೊಬ್ಬರಿಗೆ ಎಷ್ಟು ಬೇಕಾದರೂ ಬಿಡಿ ಅಂದರು. ಅದಕ್ಕೂ ಮೊದಲು ಚೆಲ್ಲಾಪಿಲ್ಲಿಯಾದ ಪದಗಳನ್ನು ಜೋಡಿಸಿ ವಾಕ್ಯ ಮಾಡುವ ಆಟ. ಆ ಪದಗಳಲ್ಲಿ ದೇವರು, ಪವಿತ್ರ, ಪ್ರವಾದಿ ಅಂತೆಲ್ಲ ಸೇರಿಸಿದ್ದಾಗ ಜನ ಸರಾಸರಿ 4.22 ಡಾಲರ್ ಬಿಟ್ಟರು, ಅಂಥ ಪದಗಳಿಲ್ಲದಾಗ 1.84. ಎಲ್ಲ ಕಡೆ ಸುದ್ದಿಯಾಯಿತು. ಅದೇ ಲೇಖನದ ಎರಡನೇ ಪ್ರಯೋಗದಲ್ಲಿ ದೇವರ ಬದಲು ಪೊಲೀಸು, ಕೋರ್ಟು, ಕರಾರು ಅನ್ನುವ ಪದಗಳನ್ನಿಟ್ಟಾಗಲೂ ಹೆಚ್ಚುಕಡಿಮೆ ಅಷ್ಟೇ ಬಿಟ್ಟರು ಅನ್ನುವುದು ಅಷ್ಟಾಗಿ ಸುದ್ದಿಯಾಗಲಿಲ್ಲ. ಆಮೇಲೆ ಬೇರೆಯವರು ಜಾಸ್ತಿ ಜನರನ್ನು ಸೇರಿಸಿ ಇದೇ ಪ್ರಯೋಗ ಮಾಡಿದಾಗ ಅದೇ ಫಲ ಬರಲಿಲ್ಲ. 2016ರಲ್ಲಿ ಶರೀಫ್ ಮತ್ತು ಜೊತೆಗಾರರೇ ಇಂಥ 93 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ದೇವರ ನೆನಪು ಆಸ್ತಿಕರ ಮೇಲೆ ಸ್ವಲ್ಪ ಕೆಲಸ ಮಾಡುತ್ತದೆ, ನಾಸ್ತಿಕರ ಮೇಲೆ ಮಾಡುವುದಿಲ್ಲ ಅನ್ನುವುದು ಅವರಿಗೆ ಕಂಡದ್ದು.

ಇಷ್ಟು ಹೊತ್ತಿಗೆ ನಾಸ್ತಿಕ ಗೆಳೆಯರಿಗೆ ಖುಷಿಯಾಗಿರಬಹುದು. ಅವರಿಗೂ ಹೇಳಬೇಕಾದ ಒಂದು ಕಥೆ ಇದೆ. 2015ರಲ್ಲಿ ಜೀನ್ ಡೆಸೆಟಿ ಎಂಬ ವಿಜ್ಞಾನಿಯ ತಂಡ ಆರು ದೇಶಗಳ 1,170 ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ತಮಗೆ ಇಷ್ಟವಾದ ಹತ್ತು ಸ್ಟಿಕ್ಕರ್ ಆರಿಸಿಕೊಳ್ಳಲು ಹೇಳಿ, ಶಾಲೆಯ ಉಳಿದ ಮಕ್ಕಳಿಗೆಲ್ಲ ಸಿಗುವುದಿಲ್ಲ, ನೀನು ಎಷ್ಟು ಕೊಡುತ್ತೀಯಾ ಅಂತ ಕೇಳಿದರು. ದೇವರನ್ನು ನಂಬುವ ಮನೆಯ ಮಕ್ಕಳು ಕಡಿಮೆ ಕೊಟ್ಟರು ಅಂತ ಬರೆದರು. ಜಗತ್ತಿನ ಪತ್ರಿಕೆಗಳೆಲ್ಲ ಇದನ್ನು ಎತ್ತಿಕೊಂಡವು. ಇವತ್ತಿಗೂ ಅದನ್ನು ಹಂಚಿಕೊಳ್ಳುವವರಿದ್ದಾರೆ.

ಆಮೇಲೆ ಅದೇ ಶರೀಫ್ ಆ ಅಂಕಿಗಳನ್ನು ತರಿಸಿಕೊಂಡು ಲೆಕ್ಕ ಮತ್ತೆ ಹಾಕಿದರು. ಕಂಪ್ಯೂಟರಿನಲ್ಲಿ ದೇಶಗಳನ್ನು ಗುರುತಿಸಲು ಒಂದಕ್ಕೆ 1, ಇನ್ನೊಂದಕ್ಕೆ 2, ಮತ್ತೊಂದಕ್ಕೆ 3 ಅಂತ ಸಂಖ್ಯೆ ಕೊಟ್ಟಿರುತ್ತಾರೆ, ಅದು ಬರೀ ಗುರುತು. ಆದರೆ ಲೆಕ್ಕ ಹಾಕುವಾಗ ಆ ಗುರುತನ್ನೇ ಪ್ರಮಾಣ ಅಂತ ತೆಗೆದುಕೊಂಡುಬಿಟ್ಟಿದ್ದರು, 4ನೇ ದೇಶ 2ನೇ ದೇಶದ ಎರಡರಷ್ಟು ಅನ್ನುವ ಹಾಗೆ. ಒಂದು ದೇಶಕ್ಕೂ ಇನ್ನೊಂದು ದೇಶಕ್ಕೂ ಇರುವ ವ್ಯತ್ಯಾಸವನ್ನು ಸರಿಯಾಗಿ ಕಳೆದು ನೋಡಿದರೆ ಆಸ್ತಿಕ ಮನೆ, ನಾಸ್ತಿಕ ಮನೆ ಅನ್ನುವ ಭೇದ ಹೆಚ್ಚುಕಡಿಮೆ ಮಾಯ. ಕೆಲವು ದೇಶದ ಮಕ್ಕಳು ಜಾಸ್ತಿ ಕೊಡುತ್ತಾರೆ, ಕೆಲವು ದೇಶದವರು ಕಡಿಮೆ, ಅಷ್ಟೇ. 2019ರಲ್ಲಿ ಆ ಲೇಖನವನ್ನು ಹಿಂದೆಗೆದುಕೊಂಡರು. ಹಿಂದೆಗೆದುಕೊಂಡ ಸುದ್ದಿ ಮೊದಲ ಸುದ್ದಿಯಷ್ಟು ದೂರ ಹೋಗಲಿಲ್ಲ, ಅದು ನನಗೆ ಬೇಸರದ ವಿಷಯ. ಯಾಕೆಂದರೆ ಈ ವಿಷಯದಲ್ಲಿ ಜನ ಅಂಕಿ ಹುಡುಕುವುದು ತಮಗೆ ಮೊದಲೇ ಗೊತ್ತಿರುವ ಉತ್ತರಕ್ಕೆ ಊರುಗೋಲು ಬೇಕಾದಾಗ.

ಹಾಜರಿ ಏನು ಮಾಡುತ್ತದೆ ಅನ್ನುವುದಕ್ಕೆ ನಮ್ಮವರದೇ ಒಂದು ಒಳ್ಳೆಯ ಸಾಕ್ಷಿ ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿದೆ. ಅಲ್ಲಿ ತಮಿಳು ಮೂಲದ ಹಿಂದೂಗಳು ತೈಪೂಸಂ ಹಬ್ಬಕ್ಕೆ ಮುರುಗನಿಗೆ ಕಾವಡಿ ಹೊರುತ್ತಾರೆ. ನಾಲಿಗೆ, ಕೆನ್ನೆ, ಬೆನ್ನಿಗೆ ಸೂಜಿ, ಕೊಕ್ಕೆ ಚುಚ್ಚಿಸಿಕೊಂಡು, ಸುಡುವ ಬಿಸಿಲಲ್ಲಿ, ಗಂಟೆಗಟ್ಟಲೆ ಬರಿಗಾಲಲ್ಲಿ ನಡೆದು ಗುಡ್ಡದ ಮೇಲಿನ ಗುಡಿಗೆ ಏರುತ್ತಾರೆ. ಡಿಮಿಟ್ರಿಸ್ ಕ್ಸಿಗಲಾಟಸ್ ಎಂಬ ಮಾನವಶಾಸ್ತ್ರಜ್ಞರು ಅಲ್ಲಿಗೆ ಹೋಗಿ, ಪ್ರಶ್ನಾವಳಿ ತುಂಬಿಸಿಕೊಂಡ ನೆಪದಲ್ಲಿ ಒಬ್ಬೊಬ್ಬರಿಗೂ 200 ಮಾರಿಷಸ್ ರೂಪಾಯಿ ಕೊಟ್ಟರು. ಅಲ್ಲಿನ ಕೂಲಿಯವರಿಗೆ ಅದು ಒಳ್ಳೆಯ ದುಡ್ಡೇ. ಹೋಗುವಾಗ ಗುಡಿಗೆ ಎಷ್ಟು ಬೇಕಾದರೂ ಕೊಡಬಹುದು, ಯಾರೂ ನೋಡುವುದಿಲ್ಲ, ಲಕೋಟೆಯಲ್ಲಿ ಹಾಕಿ ಅಂದರು. ಬರೀ ಭಜನೆ, ಪ್ರಾರ್ಥನೆಗೆ ಸೇರಿದ ದಿನ ಜನ ಸರಾಸರಿ 81 ರೂಪಾಯಿ ಹಾಕಿದರು. ಕಾವಡಿಯ ದಿನ ಚುಚ್ಚಿಸಿಕೊಂಡು ನಡೆದವರು 133 ಹಾಕಿದರು. ಚುಚ್ಚಿಸಿಕೊಳ್ಳದೆ ಸುಮ್ಮನೆ ಅವರ ಜೊತೆಗೆ ನಡೆದು ಬಂದವರು? 161.

ಈ ಕೊನೆಯ ಸಂಖ್ಯೆಯನ್ನು ನೋಡಿ. ಮೂರು ಗುಂಪೂ ಒಂದೇ ಊರಿನವು, ಅದೇ ದೇವರು, ಅದೇ ಗುಡಿ. ನಂಬಿಕೆ ಅಷ್ಟೇ ಇದ್ದು ಕೊಟ್ಟದ್ದು ಮಾತ್ರ ಹೆಚ್ಚುಕಡಿಮೆ ಎರಡರಷ್ಟಾಯಿತು. ಹರಕೆ ಹೊತ್ತು ನೋವು ತಿಂದವನು ತಾನು ಕೊಡಬೇಕಾದದ್ದನ್ನು ಮೈಯಲ್ಲೇ ಕೊಟ್ಟುಬಿಟ್ಟೆ ಅಂದುಕೊಂಡಿರಬಹುದು, ಇದು ನನ್ನ ಊಹೆ. ತಮ್ಮನೋ ಮಗನೋ ಕಣ್ಣ ಮುಂದೆ ಅಷ್ಟು ಕಷ್ಟಪಟ್ಟದ್ದನ್ನು ನೋಡುತ್ತಾ ನೀರು ಹಿಡಿದುಕೊಂಡು ಪಕ್ಕದಲ್ಲಿ ನಡೆದವರ ಎದೆ ಕರಗಿತ್ತು.

ಅಲ್ಲ, ಉದಾರಿಗಳೇ ಗುಡಿ-ಚರ್ಚಿಗೆ ಜಾಸ್ತಿ ಹೋಗುತ್ತಾರೆ ಅಂತ ಯಾಕಾಗಿರಬಾರದು? ನ್ಯಾಯವಾದ ಪ್ರಶ್ನೆ. ಇದಕ್ಕೆ ಅಮೆರಿಕದ ಒಂದು ಕಾನೂನು ದಾರಿ ತೋರಿಸುತ್ತದೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಹಿಂದೆ ಭಾನುವಾರ ಅಂಗಡಿ ತೆರೆಯುವಂತಿರಲಿಲ್ಲ. ಬೇರೆ ಬೇರೆ ವರ್ಷಗಳಲ್ಲಿ ಒಂದೊಂದೇ ರಾಜ್ಯ ಆ ನಿಷೇಧ ತೆಗೆಯಿತು. ಜೊನಾಥನ್ ಗ್ರೂಬರ್, ಡೇನಿಯಲ್ ಹಂಗರ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ಪ್ರಯೋಗದ ಹಾಗೆ ಬಳಸಿ 2008ರಲ್ಲಿ ಬರೆದರು. ಅಂಗಡಿ ತೆರೆದಲ್ಲಿ ಚರ್ಚಿನ ಹಾಜರಿ ಇಳಿಯಿತು, ಚರ್ಚಿಗೆ ಬರುವ ದೇಣಿಗೆಯೂ ಇಳಿಯಿತು. ಅದಕ್ಕೂ ಮೊದಲೇ ಜನರ ಧಾರ್ಮಿಕತೆ ಕಡಿಮೆಯಾಗುತ್ತಿತ್ತು ಅನ್ನುವುದಕ್ಕೆ ಸೂಚನೆ ಸಿಗಲಿಲ್ಲ. ಸರ್ಕಾರ ಯಾರ ನಂಬಿಕೆಯನ್ನೂ ಮುಟ್ಟಲಿಲ್ಲ, ಮಾಲ್ ಬಾಗಿಲು ತೆರೆಯಿತು ಅಷ್ಟೇ. ರಾಬರ್ಟ್ ಪಟ್ನಮ್ ಮತ್ತು ಡೇವಿಡ್ ಕ್ಯಾಂಪ್‌ಬೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಸಮೀಕ್ಷೆಯ ಪ್ರಕಾರ ಯಾರು ಎಷ್ಟು ಸೇವೆ ಮಾಡುತ್ತಾರೆ ಅನ್ನುವುದನ್ನು ನಿರ್ಧರಿಸುವುದು ಚರ್ಚಿನಲ್ಲಿ ಅವರಿಗೆ ಎಷ್ಟು ಗೆಳೆಯರಿದ್ದಾರೆ ಅನ್ನುವುದು. ಹೇಗೋ ಆ ಗುಂಪಿನೊಳಗೆ ಬೆರೆತ ನಾಸ್ತಿಕನೂ, ಒಬ್ಬನೇ ಕೂತು ಪ್ರಾರ್ಥಿಸುವ ಕಟ್ಟಾ ಭಕ್ತನಿಗಿಂತ ಜಾಸ್ತಿ ಸೇವೆಗೆ ಬರುತ್ತಾನೆ ಅಂದರು. ಭಜನೆ ಮುಗಿದ ಮೇಲೆ ಕಾಫಿ ಕುಡಿಯುವಾಗ ಪಕ್ಕದವರು "ನಾಳೆ ರಕ್ತದಾನ ಶಿಬಿರ ಇದೆ, ಬರ್ತೀಯಲ್ಲ" ಅಂತ ಕೇಳಿದರೆ ಇಲ್ಲ ಅನ್ನುವುದು ಕಷ್ಟ, ಅಲ್ವಾ?

ಈ ಕೂಡುವಿಕೆಗೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಜೊತೆಗೆ ಕೂತವರು ನಮ್ಮವರಾಗುತ್ತಾರೆ, ದುಡ್ಡೂ ನಮ್ಮವರ ಕಡೆಗೇ ಹರಿಯುತ್ತದೆ. 2016ರಲ್ಲಿ ಜಗತ್ತಿನ ಎಂಟು ಬೇರೆ ಬೇರೆ ಸಮುದಾಯಗಳ 591 ಜನರಿಗೆ ಒಂದು ಆಟ ಆಡಿಸಿದರು. ದಾಳ ಉರುಳಿಸಿ ನಾಣ್ಯಗಳನ್ನು ಎರಡು ಬಟ್ಟಲಿಗೆ ಹಂಚಬೇಕು, ಮೋಸ ಮಾಡಿದರೂ ಯಾರಿಗೂ ಗೊತ್ತಾಗದ ಹಾಗೆ. ತಪ್ಪಿಗೆ ಶಿಕ್ಷಿಸುವ, ಎಲ್ಲ ಬಲ್ಲ ದೇವರನ್ನು ನಂಬುವವರು ದೂರದ ಊರಿನ, ಮುಖ ನೋಡದ ಅಪರಿಚಿತರಿಗೂ ನ್ಯಾಯವಾಗಿ ಹಂಚಿದರು. ಆದರೆ ಆ ಅಪರಿಚಿತರು ಯಾರು? ತಮ್ಮದೇ ಧರ್ಮದವರು. ನಂಬಿಕೆ ಮನೆಯ, ಊರಿನ ಗಡಿ ದಾಟಿಸುತ್ತದೆ, ಅದು ಸಣ್ಣ ಮಾತಲ್ಲ. ಆಚೆಗಿನ ಗಡಿಯ ಬಗ್ಗೆ ಈ ಅಧ್ಯಯನ ಏನೂ ಭರವಸೆ ಕೊಡುವುದಿಲ್ಲ. ನಮ್ಮ ರಾಜ್ಯದಲ್ಲಿ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಒಂದೊಂದೇ ಸಮುದಾಯದವರು ಸಂಘ ಕಟ್ಟಿ, ಚಂದಾ ಎತ್ತಿ, ಹಳ್ಳಿಯ ಹುಡುಗರಿಗೆ ಬೆಂಗಳೂರು, ಮೈಸೂರಿನಲ್ಲಿ ಹಾಸ್ಟೆಲ್ ಮಾಡಿದರು. ಆ ದಾನ ಇಲ್ಲದಿದ್ದರೆ ಎಷ್ಟೋ ಮನೆಗಳ ಮೊದಲ ಪದವೀಧರರು ಹುಟ್ಟುತ್ತಲೇ ಇರಲಿಲ್ಲ. ಸ್ವಂತ ಸಂಘ, ಸ್ವಂತ ಮಠ ಕಟ್ಟಿಕೊಳ್ಳುವ ಶಕ್ತಿ ಇಲ್ಲದ ಸಮುದಾಯದ ಹುಡುಗ ಮಾತ್ರ ಆ ಬಾಗಿಲುಗಳ ಹೊರಗೇ ಉಳಿದ.

ಕೊಡುವ ಗುಂಪೇ ಕರಗಿದರೆ ಏನಾಗುತ್ತದೆ ಅನ್ನುವುದನ್ನು ಅಮೆರಿಕ ಈಗ ನೋಡುತ್ತಿದೆ. ಗ್ಯಾಲಪ್ ಎಂಬ ಸಮೀಕ್ಷಾ ಸಂಸ್ಥೆಯ ಪ್ರಕಾರ ಅಲ್ಲಿ ಯಾವುದಾದರೂ ಚರ್ಚು, ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಅಥವಾ ಮಸೀದಿಯ ಸದಸ್ಯರಾಗಿರುವವರು 2020ರಲ್ಲಿ 47%ಕ್ಕೆ ಇಳಿದರು, ಎಂಟು ದಶಕದಲ್ಲಿ ಮೊದಲ ಸಲ ಅರ್ಧಕ್ಕಿಂತ ಕೆಳಗೆ. ಇಂಡಿಯಾನಾ ವಿಶ್ವವಿದ್ಯಾಲಯದವರ ಲೆಕ್ಕದಲ್ಲಿ 2000ದಲ್ಲಿ 66% ಕುಟುಂಬಗಳು ದಾನ ಕೊಡುತ್ತಿದ್ದವು, 2018ಕ್ಕೆ 49.6%. ಇದಕ್ಕೆ ಚರ್ಚು ಬಿಟ್ಟದ್ದೊಂದೇ ಕಾರಣವಲ್ಲ, 2008ರ ಆರ್ಥಿಕ ಕುಸಿತದ ಪೆಟ್ಟೂ ಇದೆ. ಇನ್ನೊಂದು ಕಡೆ, ಸರ್ಕಾರವೇ ಬಡವರ ಕೈ ಹಿಡಿದರೆ ದಾನ ತಾನಾಗಿ ಕಡಿಮೆಯಾಗುತ್ತದೆ. 1930ರ ದಶಕದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ದೊಡ್ಡ ಪರಿಹಾರ ಯೋಜನೆಗಳನ್ನು ತಂದಾಗ ಚರ್ಚುಗಳು ಬಡವರಿಗಾಗಿ ಮಾಡುತ್ತಿದ್ದ ಖರ್ಚು ಸುಮಾರು 30% ಇಳಿಯಿತು ಅಂತ ಅದೇ ಗ್ರೂಬರ್, ಹಂಗರ್‌ಮನ್ ಲೆಕ್ಕ ಹಾಕಿದ್ದಾರೆ. ಹಾಗಾಗಿ ದಾನ ಕಡಿಮೆ ಇರುವ ದೇಶದ ಜನ ಕಲ್ಲೆದೆಯವರು ಅಂತ ತೀರ್ಮಾನಿಸುವ ಮೊದಲು ಅವರು ಎಷ್ಟು ತೆರಿಗೆ ಕಟ್ಟುತ್ತಾರೆ ಅಂತಲೂ ನೋಡಬೇಕು.

ಕೊನೆಗೆ ಉಳಿಯುವುದು ಒತ್ತಾಯದ ಪ್ರಶ್ನೆ. ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ಮನೆಗಿಷ್ಟು ಅಂತ ವಂತಿಗೆ ಹಾಕುತ್ತಾರೆ, ಗಣಪತಿ ಹಬ್ಬಕ್ಕೆ ರಸೀದಿ ಪುಸ್ತಕ ಹಿಡಿದು ಹುಡುಗರು ಬರುತ್ತಾರೆ. ಆಮೇಲೆ ಮೈಕ್‌ನಲ್ಲಿ ಯಾರು ಎಷ್ಟು ಕೊಟ್ಟರು ಅಂತ ಹೆಸರು ಹಿಡಿದು ಓದುತ್ತಾರೆ. ಐನೂರು ಕೊಡಲಾಗದ ಕೂಲಿಯವನೂ ಸಾಲ ಮಾಡಿ ಕೊಡುತ್ತಾನೆ. ಅದನ್ನೂ ಧರ್ಮದ ಉದಾರತೆಯ ಲೆಕ್ಕಕ್ಕೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ದೇವರಿಲ್ಲದ ಕಡೆಯೂ ಇದೇ ಒತ್ತಾಯ ತಲೆ ಎತ್ತುತ್ತದೆ. 2018ರ ಮಹಾಪೂರದ ನಂತರ ಕೇರಳ ಸರ್ಕಾರ ತನ್ನ ನೌಕರರಿಗೆ ಒಂದು ತಿಂಗಳ ಸಂಬಳವನ್ನು ಕಂತಿನಲ್ಲಿ ಕೊಡಿ ಅಂದಿತು. ಕೊಡಲಾಗದವರು ಹಾಗಂತ ಬರೆದುಕೊಡಬೇಕಿತ್ತು. ಹೈಕೋರ್ಟ್ ಆ ಷರತ್ತಿಗೆ ತಡೆ ಹಾಕಿತು, ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆಯಲು ಒಪ್ಪಲಿಲ್ಲ. ಕೊಡಲಾರೆ ಅಂತ ಬರೆದುಕೊಡುವ ಅವಮಾನ ಒಬ್ಬ ಗುಮಾಸ್ತನಿಗೆ ಬೇಡ ಅಂತಾದರೆ, ಊರೆಲ್ಲ ಕೇಳುವ ಹಾಗೆ ಮೈಕ್‌ನಲ್ಲಿ ತನ್ನ ಹೆಸರಿನ ಮುಂದೆ ಸಣ್ಣ ಮೊತ್ತ ಓದಿಸಿಕೊಳ್ಳುವುದು ಕೂಲಿಯವನಿಗೆ ಯಾಕೆ ಬೇಕು? ಮಾರಿಷಸ್‌ನ ಲಕೋಟೆಗಳ ಮೇಲೆ ಹೆಸರಿರಲಿಲ್ಲ, ಆದರೂ ಜೊತೆಗೆ ನಡೆದು ಬಂದವರು ಕೈತುಂಬ ಹಾಕಿದ್ದರು. ಜಾತ್ರೆ ಸಮಿತಿಯವರು ಈ ಸಲ ಜನರನ್ನು ಸೇರಿಸಲಿ, ಕೇಳಲಿ, ಪಟ್ಟಿ ಓದುವುದನ್ನು ಬಿಟ್ಟು ಒಂದು ಮುಚ್ಚಿದ ಡಬ್ಬಿ ಇಡಲಿ. ಬಂದ ಮೊತ್ತವನ್ನು ಹೋದ ವರ್ಷದ ವಂತಿಗೆಯ ಪಕ್ಕದಲ್ಲಿ ಬರೆದು ಗುಡಿಯ ಬಾಗಿಲಿಗೆ ಅಂಟಿಸಲಿ.